ಸೀಸಿಯಂ ಮೂಲೆ

ಆಗೆಲ್ಲ ಮೈಸೂರಿನ ಸರಸ್ವತಿಪುರಂನಲ್ಲಿ ನಾಲ್ಕು ಮನೆಗೊಂದರಂತೆ ಮಹಡಿಯ ಮೇಲೆ ಶೀಟು ಹೊದಿಸಿದ ಶೆಡ್ಡು ಇರುತ್ತಿತ್ತು, ಶೆಡ್ಡಿನೊಳಗೆ ನಿವೃತ್ತರಾದ ಒಬ್ಬ ಸಾರ್ ಇರುತ್ತಿದ್ದರು. ಬೋರ್ಡು ಗೀರ್ಡು ಯಾರೂ ಹಾಕುತ್ತಿರಲಿಲ್ಲ. ಗೇಟಿನ ಪಕ್ಕ ಸೈಕಲ್ಲುಗಳು ಒಂದರ ಮೇಲೊಂದು ಒರಗಿದ್ದರೆ ಅಲ್ಲಿ ಟ್ಯೂಷನ್ ನಡೆಯುತ್ತಿದೆ ಎಂದು ನಾವೇ ತಿಳಿದುಕೊಳ್ಳಬೇಕಿತ್ತು. ನಿಮ್ಮಲ್ಲಿ ಅನೇಕರು ಅಂಥ ಶೆಡ್ಡುಗಳಲ್ಲಿ ಬೆಂದವರೇ ಇರಬೇಕು. ಅಂಥವರು ಸಿಕ್ಕಿದಾಗಲೆಲ್ಲ ತಮ್ಮ ಸಾರ್ ಹೇಗೆ ಹೊಡೆಯುತ್ತಿದ್ದರು, ಹೊಡೆದು ಹೊಡೆದೇ ಹೇಗೆ ಉದ್ಧಾರ ಮಾಡಿದರು ಎಂದು ಕಣ್ಣರಳಿಸಿ ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ನಮ್ಮ ನಂಜುಂಡಯ್ಯ ಸಾರ್ ಯಾರ ಮೇಲೂ ಒಂದು ದಿನವೂ ಕೈಯೆತ್ತಲಿಲ್ಲ. ಅವರು ಮಾಡಿದ್ದು ಬೇರೆ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ.

ಅದು ನಾನು ಹತ್ತನೇ ಕ್ಲಾಸಿಗೆ ಹೋಗುವುದಕ್ಕೆ ಮುಂಚಿನ ಬೇಸಿಗೆ ರಜೆ. ನಮ್ಮ ಮನೆ ನಜರ್‌ಬಾದಿನ ಒಂದು ವಠಾರದಲ್ಲಿತ್ತು. ಒಂದೇ ನಲ್ಲಿ, ಎದುರುಬದುರು ಬಾಗಿಲುಗಳು, ಮಧ್ಯೆ ಉದ್ದದ ಅಂಗಳ. ನಮ್ಮೆದುರಿನ ಬಾಗಿಲು ಶುಭಾಳ ಮನೆಯದು. ಅವಳಿಗೂ ನನಗೂ ಒಂದೇ ವಯಸ್ಸು, ಒಂದೇ ಶಾಲೆ. ಎರಡು ಮನೆಯವರೂ ಹಳ್ಳಿ ಬಿಟ್ಟು ಮೈಸೂರಿಗೆ ಬಂದವರು. ಅವರಮ್ಮನೂ ನಮ್ಮಮ್ಮನೂ ಜಗಲಿಯ ಮೇಲೆ ಕೂತು ಗಂಧದಕಡ್ಡಿ ಹೊಸೆಯುತ್ತಿದ್ದರು. ಇದ್ದಿಲು ಪುಡಿಯ ಕಪ್ಪು ಅವರ ಉಗುರು ಸಂದಿಯಿಂದ ಯಾವತ್ತೂ ಹೋಗುತ್ತಿರಲಿಲ್ಲ. ನಮ್ಮ ಬಟ್ಟೆ, ತಲೆದಿಂಬು, ಬುತ್ತಿಯ ಚಿತ್ರಾನ್ನ ಎಲ್ಲಕ್ಕೂ ಆ ವಾಸನೆ. ನಮಗದು ಗೊತ್ತೇ ಆಗುತ್ತಿರಲಿಲ್ಲ. ಅದೂ ಒಂದು ವಾಸನೆ ಅಂತ ನನಗೆ ಗೊತ್ತಾಗಿದ್ದು ಸರಸ್ವತಿಪುರಂಗೆ ಹೋದ ಮೇಲೆ, ಮೇಘನಾ ಎಂಬ ಹುಡುಗಿ ಮೂಗು ಮುಚ್ಚಿಕೊಂಡು, "ಯಾರೋ ದೇವರಮನೆ ಹೊತ್ಕೊಂಡ್ ಬಂದಿದಾರೆ ಕಣ್ರೇ" ಎಂದಾಗ.

ಶುಭಾ ಇಲ್ಲದ ಒಂದು ದಿನವನ್ನೂ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನ್ನ ಹೆಸರು ಪುಟ್ಟಲಕ್ಷ್ಮಿ. ಪುಟ್ಟಿ ಎಂದು ಕರೆಯುತ್ತಿದ್ದವರು ಇಬ್ಬರೇ, ಅಮ್ಮ ಮತ್ತು ಅವಳು. ಹುಣಿಸೆಬೀಜ ಒಡೆದು ಚೌಕಾಬಾರ ಆಡಿದ್ದು, ಕಾರಂಜಿ ಕೆರೆಯ ಬೇಲಿಗೆ ಮುಖ ಒತ್ತಿ ಹಕ್ಕಿ ನೋಡಿದ್ದು, ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ಹಲ್ಲು ಚಳಿಯುವವರೆಗೆ ತಿಂದದ್ದು, ಎಲ್ಲ ಅವಳ ಜೊತೆಯೇ. ನಮ್ಮ ಶಾಲೆಯ ಟೀಚರೊಬ್ಬರು ನಂಜುಂಡಯ್ಯ ಸಾರ್‌ಗೆ ಹೇಳಿ ನಮ್ಮಿಬ್ಬರನ್ನೂ ಆ ಟ್ಯೂಷನ್ನಿಗೆ ಸೇರಿಸಿದರು. ಎರಡು ಮನೆಗೂ ಸೇರಿ ಒಂದೇ ವಿಜ್ಞಾನದ ಪುಸ್ತಕ ಕೊಂಡಿದ್ದರು. ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಾಯಿಸಿ, ಆ ಪುಸ್ತಕವನ್ನು ಒಂದು ದಿನ ಅವಳ ಚೀಲದಲ್ಲಿ, ಒಂದು ದಿನ ನನ್ನ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆವು.

ನಂಜುಂಡಯ್ಯ ಸಾರ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಬಿಳಿ ಜುಬ್ಬಾ, ಅಡಿಕೆ ಪುಡಿಯ ಡಬ್ಬಿ, ನುಣ್ಣಗೆ ಬಾಚಿದ ಕೂದಲು. ಚೆನ್ನಾಗಿ ಪಾಠ ಮಾಡುತ್ತಿದ್ದರು, ಅದನ್ನು ಇಲ್ಲವೆನ್ನಲಾರೆ. ಧಾತುಗಳ ವಿಷಯ ಮಾತಾಡುವಾಗ ನೆಂಟರಿಷ್ಟರ ಸುದ್ದಿ ಹೇಳುವ ಹಾಗೆ ಅವರ ಮುಖ ಅರಳುತ್ತಿತ್ತು. "ಆವರ್ತಕ ಕೋಷ್ಟಕ ಬಾಯಿಪಾಠ ಮಾಡೋ ವಸ್ತು ಅಲ್ಲ ಕಣ್ರಪ್ಪ, ಅದರೊಳಗೆ ಹೋಗಿ ಕೂತ್ಕೋಬೇಕು" ಎನ್ನುತ್ತಿದ್ದರು. ಅದಕ್ಕೇ ಅವರ ಶೆಡ್ಡಿನಲ್ಲಿ ಯಾರೂ ತಮಗೆ ಬೇಕಾದ ಕಡೆ ಕೂರುವಂತಿರಲಿಲ್ಲ. ಬೆಂಚುಗಳನ್ನೇ ಅವರು ಪೀರಿಯಾಡಿಕ್ ಟೇಬಲ್ ಮಾಡಿದ್ದರು.

ಏರ್ಪಾಡು ಹೀಗಿತ್ತು. ಶುಕ್ರವಾರ ಟೆಸ್ಟು. ಶನಿವಾರ ಮಾರ್ಕ್ಸು, ಮಾರ್ಕ್ಸಿನ ಪ್ರಕಾರ ಜಾಗ. ಎಲ್ಲರಿಗಿಂತ ಜಾಸ್ತಿ ಬಂದವರು ಮುಂದಿನ ಸಾಲಿನ ಬಲತುದಿಯಲ್ಲಿ, ಕಿಟಕಿಯ ಹತ್ತಿರ. ಆ ಜಾಗ ಫ್ಲೋರಿನ್. ಎಲ್ಲರಿಗಿಂತ ಕಡಿಮೆ ಬಂದವರು ಹಿಂದಿನ ಸಾಲಿನ ಎಡತುದಿಯಲ್ಲಿ, ಶೀಟು ತಲೆಗೆ ತಾಗುವಷ್ಟು ತಗ್ಗಾದ ಮೂಲೆಯಲ್ಲಿ. ಆ ಜಾಗ ಸೀಸಿಯಂ. ಉಳಿದವರೆಲ್ಲ ನಡುವೆ. ಫ್ಲೋರಿನ್ನಿನಿಂದಾಚೆ, ಫ್ಯಾನಿನ ನೇರ ಕೆಳಗೆ ಸಾರ್ ಅವರ ಕುರ್ಚಿ. "ನಾನು ನಿಯಾನ್. ನನ್ನ ಹೊರಕವಚ ತುಂಬಿದೆ. ನನಗೆ ಯಾರೂ ಬೇಕಿಲ್ಲ, ಯಾರಿಗೂ ಏನೂ ಕೊಡಬೇಕಾಗಿಲ್ಲ" ಎಂದು ಹೇಳಿ ತಾವೇ ನಗುತ್ತಿದ್ದರು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಶನಿವಾರ ಜಾಗ ಬದಲಾದ ಮೇಲೆ ಒಂದು ಶಾಸ್ತ್ರ ನಡೆಯುತ್ತಿತ್ತು. ಸೀಸಿಯಂ ಎದ್ದು ಫ್ಲೋರಿನ್ನಿನ ಮುಂದೆ ಹೋಗಿ ನಿಲ್ಲಬೇಕು. ಫ್ಲೋರಿನ್ ಏನು ಕೇಳಿದರೆ ಅದನ್ನು ಕೊಡಬೇಕು, ಅಂದರೆ ಆ ಶೆಡ್ಡಿನೊಳಗೆ ತನ್ನದು ಎಂದು ಏನೇನಿದೆಯೋ ಅದರಲ್ಲಿ ಒಂದನ್ನು. ಕೊಟ್ಟದ್ದು ವಾಪಸ್ಸು ಬರುವುದಿಲ್ಲ. "ಕೊಟ್ಟೋನಿಗೂ ಸ್ಥಿರತೆ, ತಗೊಂಡೋನಿಗೂ ಸ್ಥಿರತೆ. ಅಳೋ ಹಾಗಿಲ್ಲ" ಎಂದು ಸಾರ್ ಮಂತ್ರ ಹೇಳುತ್ತಿದ್ದರು. ಕಳೆದುಕೊಂಡವರಿಗೆ ಓದು ಬರುತ್ತದೆ ಎಂಬುದು ಅವರ ನಂಬಿಕೆ. ಯಾವ ಅಪ್ಪ ಅಮ್ಮನೂ ಇದೇನು ಎಂದು ಕೇಳಿದ್ದನ್ನು ನಾನು ಕಾಣೆ. ಸಾರ್ ಹತ್ತಿರ ಹೋದ ಮಕ್ಕಳಿಗೆ ಮಾರ್ಕ್ಸು ಬರುತ್ತಿತ್ತು, ಅದು ಸಾಕಾಗಿತ್ತು.

ಮೊದಲ ಟೆಸ್ಟಿನಲ್ಲೇ ನಾನು ಸೀಸಿಯಂ ಆದೆ. ಶುಭಾ ನಡುವಿನ ಸಾಲಿಗೆ ಬಂದಿದ್ದಳು. ಅವಳು ಎದ್ದು ನಿಂತು, "ಸಾರ್, ನಮಗೆ ಪುಸ್ತಕ ಒಂದೇ ಇರೋದು. ನಾನು ಪುಟ್ಟಿ ಪಕ್ಕದಲ್ಲೇ ಕೂತ್ಕೋತೀನಿ" ಎಂದಳು. ಸಾರ್ ಒಂದು ಚಿಟಿಕೆ ಅಡಿಕೆ ಪುಡಿ ಬಾಯಿಗೆ ಹಾಕಿಕೊಂಡು ಯೋಚಿಸಿದರು. "ಸರಿ, ಕೂತ್ಕೋ. ಸೀಸಿಯಂಗೂ ಹೊರಕವಚದಲ್ಲಿ ಒಂದು ಎಲೆಕ್ಟ್ರಾನ್ ಇರತ್ತಲ್ಲ" ಎಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಹಾಗೆ ಅವಳು ತನ್ನ ಒಳ್ಳೆಯ ಜಾಗ ಬಿಟ್ಟು ನನ್ನ ಮೂಲೆಗೆ ಬಂದು ಕೂತಳು. ಆ ಬೆಂಚಿನ ಮೇಲಿನ ಶೀಟು ಮಧ್ಯಾಹ್ನಕ್ಕೆ ಕಾದು ನಮ್ಮಿಬ್ಬರ ನೆತ್ತಿಯೂ ಸುಡುತ್ತಿತ್ತು, ಆದರೆ ನನಗೆ ಅದರ ಲೆಕ್ಕವೇ ಇರಲಿಲ್ಲ.

ಫ್ಲೋರಿನ್ ಜಾಗ ಮೇಘನಾಳದು. ಒಂಟಿಕೊಪ್ಪಲಿನಿಂದ ಅವರಪ್ಪ ಕಾರಿನಲ್ಲಿ ತಂದು ಬಿಡುತ್ತಿದ್ದರು. ಅವರ ತಾತನ ಕಾಲದಿಂದ ಮನೆಯಲ್ಲಿ ಎಲ್ಲರೂ ಓದಿದವರೇ. ಅವಳು ಕೆಟ್ಟ ಹುಡುಗಿ ಎಂದು ಬರೆದುಬಿಡಬೇಕೆಂದು ನನಗೆ ಆಸೆಯಿದೆ, ಆದರೆ ಅವಳು ಅಷ್ಟೇನೂ ಕೆಟ್ಟವಳಲ್ಲ. ಅವಳಿಗೆ ಬೇಜಾರಾಗುತ್ತಿತ್ತು, ಅಷ್ಟೇ. ಮೊದಲ ಶನಿವಾರ ನನ್ನ ಬುತ್ತಿಯಲ್ಲಿದ್ದ ನಿಪ್ಪಟ್ಟು ಕೇಳಿದಳು, ಒಂದು ಚೂರು ಕಚ್ಚಿ ಉಳಿದದ್ದನ್ನು ಕಿಟಕಿಯಿಂದ ಕಾಗೆಗೆ ಎಸೆದಳು. ಅಮ್ಮ ಬೆಳಿಗ್ಗೆ ಎದ್ದು ತಟ್ಟಿದ ನಿಪ್ಪಟ್ಟು. ಆಮೇಲಿನ ವಾರ ಶಾಯಿ ಪೆನ್ನು. ಆಮೇಲೆ ತಲೆಯ ಕ್ಲಿಪ್ಪು, ಕೂದಲು ಬಿಚ್ಚಿಕೊಂಡು ಮನೆಗೆ ಬಂದದ್ದಕ್ಕೆ ಅಮ್ಮ ಬೈದಳು. ನಾನು ಬಿಸಿಲಿಗೆ ಸೆಖೆಯಾಯಿತು ಎಂದು ಸುಳ್ಳು ಹೇಳಿದೆ.

ಆ ನಡುವೆ ಒಂದು ದಿನ ಸಾರ್ ಟೆರೇಸಿನ ಮೇಲೆ ಅಲ್ಯೂಮಿನಿಯಂ ಬೋಗುಣಿಯಲ್ಲಿ ನೀರು ಇಟ್ಟು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿದರು. ಸೀಮೆಎಣ್ಣೆಯ ಸೀಸೆಯಿಂದ ಚಿಮ್ಮಟದಲ್ಲಿ ಸೋಡಿಯಂ ತೆಗೆದು ಬ್ಲೇಡಿನಿಂದ ಕಡಲೆಕಾಳಿನಷ್ಟು ಕತ್ತರಿಸಿದರು. ಕತ್ತರಿಸಿದ ಕಡೆ ಬೆಳ್ಳಿ ಹಾಗೆ ಹೊಳೆದದ್ದು ನೋಡನೋಡುತ್ತಲೇ ಮಂಕಾಯಿತು. ನೀರಿಗೆ ಹಾಕಿದರು. ಅದು ಉರುಟಾಗಿ, ಬುಸುಗುಡುತ್ತ, ಬೋಗುಣಿ ತುಂಬ ಓಡಾಡಿ, ಕೊನೆಗೆ ಹಳದಿ ಬೆಂಕಿ ಕಾರಿ ಟಪ್ಪೆಂದು ಆರಿಹೋಯಿತು. ನಮಗೆಲ್ಲ ಮೈ ಜುಂ ಎಂದಿತು.

"ನೋಡಿದ್ರಾ ಆತುರ? ಒಂದೇ ಒಂದು ಎಲೆಕ್ಟ್ರಾನ್ ಕಳ್ಕೊಳ್ಳೋದಕ್ಕೆ ಇಷ್ಟು ಗಲಾಟೆ. ಈಗ ಹೇಳಿ, ಕೆಳಗಿಳೀತಾ ಹೋದ್ರೆ, ಪೊಟ್ಯಾಸಿಯಂ, ರುಬಿಡಿಯಂ, ಏನಾಗತ್ತೆ?"

"ಇನ್ನೂ ಜೋರಾಗತ್ತೆ ಸಾರ್."

"ಯಾಕೆ?" ಎಂದು ಸಾರ್ ನನ್ನ ಕಡೆ ತಿರುಗಿದರು. "ಯಾಕಂದ್ರೆ ಕವಚದ ಮೇಲೆ ಕವಚ ಬಂದು ಹೊರಗಿನ ಎಲೆಕ್ಟ್ರಾನು ನ್ಯೂಕ್ಲಿಯಸ್ಸಿಂದ ದೂರ ಹೋಗಿಬಿಡತ್ತೆ. ನಡುವೆ ಇಷ್ಟೊಂದು ಜನ ಅಡ್ಡ ನಿಂತಿರ್ತಾರೆ. ಒಳಗಿನ ಎಳೆತ ಹೊರಗೆ ಮುಟ್ಟೋದೇ ಇಲ್ಲ. ಹಿಡ್ಕೊಳ್ಳೋ ಶಕ್ತಿ ಇಲ್ಲ. ಅದೇ ಎಡದಿಂದ ಬಲಕ್ಕೆ ಹೋಗಿ, ಕವಚ ಅಷ್ಟೇ, ನ್ಯೂಕ್ಲಿಯಸ್ಸಲ್ಲಿ ಪ್ರೋಟಾನು ಜಾಸ್ತಿ ಆಗ್ತಾ ಹೋಗತ್ತೆ. ಎಳೆತ ಬಿಗಿ. ಪರಮಾಣು ಚಿಕ್ಕದು. ಫ್ಲೋರಿನ್ ಹತ್ರ ಹೋದ್ರಂತೂ ಪಕ್ಕದೋರದನ್ನೂ ಕಿತ್ಕೊಳ್ಳತ್ತೆ. ಇವತ್ತು ಇಲ್ಲಿ ಸೀಸಿಯಂ ಹಾಕಿದ್ದಿದ್ರೆ ಬೋಗುಣಿನೇ ಇರ್ತಿರ್ಲಿಲ್ಲ. ಅಲ್ವೇನಮ್ಮ ಪುಟ್ಟಲಕ್ಷ್ಮಿ?"

ಮತ್ತೆ ನಗು. ನನಗೆ ಅಳು ಬಂತು. ಶುಭಾ ನನ್ನ ಬೆನ್ನು ತಟ್ಟಲಿಲ್ಲ ಎಂಬುದನ್ನು ನಾನು ಆಗ ಗಮನಿಸಿದ್ದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದು ಅವಳು ಮೇಘನಾ ನಿಂತಿದ್ದ ನೆರಳಿಗೆ ಹೋಗಿ ನಿಂತಳು.

ಅವತ್ತು ಸಂಜೆ ವಠಾರದ ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದರ ಸುತ್ತ ಒಂದು ಸೊನ್ನೆ ಬರೆದು ಸೀಸಿಯಂ ಮಾಡಿದೆವು. ಅಮ್ಮನ ಡಬ್ಬದ ಹುಣಿಸೆಬೀಜವೆಲ್ಲ ಖಾಲಿಯಾಯಿತು. ಎರಡು, ಎಂಟು, ಹದಿನೆಂಟು, ಹದಿನೆಂಟು, ಎಂಟು, ಕೊನೆಗೆ ಅಷ್ಟು ದೊಡ್ಡ ಸೊನ್ನೆಯ ಮೇಲೆ ಒಂದೇ ಒಂದು ಬೀಜ. ಶುಭಾ ಅದನ್ನು ಬಹಳ ಹೊತ್ತು ನೋಡಿದಳು. "ಪಾಪ, ಒಂದೇ ಕಣೇ. ಅಷ್ಟು ದೂರದಲ್ಲಿ ಏನ್ ಮಾಡತ್ತೆ ಅದು?" ಎಂದಳು. ನಾನು ಅವಳ ಕೈ ಹಿಡಿದುಕೊಂಡು, "ನೀನು ಮಾತ್ರ ಹೋಗ್ಬೇಡ" ಎಂದೆ. "ಬಿಡೇ, ಕೈ ಬೆವೆತಿದೆ" ಎಂದು ಕೈ ಬಿಡಿಸಿಕೊಂಡಳು.

ಮರುವಾರ ಮತ್ತೆ ನಾನೇ ಸೀಸಿಯಂ. ಮೇಘನಾಳ ಮುಂದೆ ಹೋಗಿ ನಿಂತೆ. ಕೇಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ, ಅವಳಿಗೂ ಏನೂ ಬೇಕಿರಲಿಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬಾಯಿ ಸೊಟ್ಟ ಮಾಡಿದಳು.

"ನಂಗೆ ಪೆನ್ನು ಗಿನ್ನು ಸಾಕಾಗಿದೆ ಸಾರ್. ಶುಭಾ ಬೇಕು. ಇನ್ಮೇಲೆ ನನ್ ಪಕ್ಕ ಕೂರ್ಲಿ."

ಹಾಗೆ ಯಾರೂ ಯಾರನ್ನೂ ಕೇಳಿರಲಿಲ್ಲ. ಸಾರ್ 'ಆಗಲ್ಲ' ಎನ್ನುತ್ತಾರೆ ಎಂದು ನಾನು ಅವರ ಮುಖ ನೋಡಿದೆ. ಅವರ ಮುಖ ಅರಳುತ್ತಿತ್ತು. ಅಷ್ಟು ಸೊಗಸಾದ ಉದಾಹರಣೆ ಅವರಿಗೆ ಎಂದೂ ಸಿಕ್ಕಿರಲಿಲ್ಲ ಎಂದು ತೋರುತ್ತದೆ.

"ಭೇಷ್! ಇದಪ್ಪಾ ಫ್ಲೋರಿನ್ ಅಂದ್ರೆ! ಏಳಮ್ಮ ಶುಭಾ. ಎಲೆಕ್ಟ್ರಾನ್ ಯಾರನ್ನೂ ಕೇಳಲ್ಲ, ಎಳೆತ ಎಲ್ಲಿದೆಯೋ ಅಲ್ಲಿಗೆ ಹೋಗತ್ತೆ."

ಶುಭಾ ಬೇಡ ಎನ್ನಬಹುದಿತ್ತು. ನಾನು ಅವಳ ಕಡೆ ನೋಡುತ್ತಿದ್ದೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡು, ಪುಸ್ತಕವನ್ನು ಬೆಂಚಿನ ಮೇಲೇ ಇಟ್ಟಳು. ನನ್ನ ಪಕ್ಕದಿಂದ ಹಾದುಹೋಗುವಾಗ, "ಪುಸ್ತಕ ನೀನೇ ಇಟ್ಕೋ. ಮೇಘನಾ ಹತ್ರ ಇದೆಯಲ್ಲ" ಎಂದಳು. ಅವಳ ದನಿಯಲ್ಲಿ ದುಃಖವಿರಲಿಲ್ಲ. ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಕಡ್ಡಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಓಗ್ಲಿ ಬುಡು. ಕಿಟಕಿ ಪಕ್ಕ ಗಾಳಿ ಬತ್ತದೆ, ಕೂತವ್ಳೆ. ಆ ಸುಡೋ ಮೂಲೇಲಿ ನಿನ್ ಜೊತೆ ಎಷ್ಟು ದಿನಾಂತ ಬೇಯ್ತಳೆ?" ಎಂದಳು. ನನಗೆ ಆ ಮಾತು ಸಿಕ್ಕಿಬಿಟ್ಟಿತು. ಹೌದು, ಮೂಲೆಯದೇ ತಪ್ಪು. ಅವಳು ಬಿಟ್ಟುಹೋದದ್ದು ಮೂಲೆಯನ್ನು, ನನ್ನನ್ನಲ್ಲ. ನಾನು ಕಿಟಕಿಯ ಪಕ್ಕಕ್ಕೆ ಹೋದರೆ ಅವಳು ತಾನಾಗಿ ಬರುತ್ತಾಳೆ.

ಆಮೇಲೆ ನಾನು ಓದಿದ್ದನ್ನು ಓದು ಎನ್ನುವುದಕ್ಕಾಗುವುದಿಲ್ಲ, ಅದೊಂದು ಹುಚ್ಚು. ಪುಸ್ತಕ ಈಗ ದಿನವೂ ನನ್ನದೇ. ಬಸ್ಸಿನಲ್ಲಿ, ನಲ್ಲಿಯ ಸರದಿಯಲ್ಲಿ, ಊಟದ ತಟ್ಟೆಯ ಮುಂದೆ, ಕವಚ, ಗುಂಪು, ಆವರ್ತ. ಯಾವುದರ ಪರಮಾಣು ದೊಡ್ಡದು, ಯಾವುದರಿಂದ ಎಲೆಕ್ಟ್ರಾನ್ ಕೀಳುವುದು ಕಷ್ಟ, ಕ್ಲೋರಿನ್ ಯಾಕೆ ಫ್ಲೋರಿನ್ನಿಗಿಂತ ಸಪ್ಪೆ, ಮೆಗ್ನೀಸಿಯಂ ಯಾಕೆ ಸೋಡಿಯಂನಷ್ಟು ಸುಲಭವಾಗಿ ಕೊಡುವುದಿಲ್ಲ. ಎದುರು ಬಾಗಿಲಿನಲ್ಲಿ ಶುಭಾ ಕಾಣುತ್ತಿದ್ದಳು. ಬಸ್ಸಿಗೆ ಈಗ ಅವಳು ನನ್ನ ಜೊತೆ ಬರುತ್ತಿರಲಿಲ್ಲ. ಬೇಗ ಹೊರಟು ಬಸ್‌ಸ್ಟ್ಯಾಂಡಿನ ಹತ್ತಿರ ಮೇಘನಾಳ ಕಾರಿಗೆ ಕಾಯುತ್ತಿದ್ದಳು. ಅವಳ ಬಟ್ಟೆಯಿಂದ ಗಂಧದಕಡ್ಡಿಯ ವಾಸನೆ ಹೋಗಿ ಏನೋ ಪೌಡರಿನ ವಾಸನೆ ಬರುತ್ತಿತ್ತು. ನಾನು ವಾರವಾರವೂ ಮುಂದೆ ಬರುತ್ತಿದ್ದೆ. ರುಬಿಡಿಯಂ ಆದೆ, ತವರ ಆದೆ, ಒಂದು ವಾರ ಗಂಧಕವೂ ಆದೆ. ಸಾರ್ ಮೀಸೆಯಲ್ಲೇ ನಗುತ್ತ, "ನೋಡಿ, ಕಳ್ಕೊಂಡ್ರೆ ಓದು ಬರತ್ತೆ ಅಂದಿದ್ನಲ್ಲ" ಎಂದು ಎಲ್ಲರಿಗೂ ನನ್ನನ್ನು ತೋರಿಸಿದರು. ಅವರು ಹೇಳಿದ್ದು ನಿಜವಾಗುತ್ತಿತ್ತು, ಅದಕ್ಕೇ ನನಗೆ ಅವರ ಮೇಲೆ ಇನ್ನಷ್ಟು ಸಿಟ್ಟು.

ರಜೆಯ ಕೊನೆಯ ವಾರ. ಶುಕ್ರವಾರದ ಟೆಸ್ಟಿನ ದಿನ ಮೇಘನಾ ಬರಲಿಲ್ಲ, ಚಿಕ್ಕಪ್ಪನ ಮದುವೆಗೆ ಹಾಸನಕ್ಕೆ ಹೋಗಿದ್ದಳು. ಶನಿವಾರ ಕೈತುಂಬ ಮೆಹೆಂದಿ ಹಾಕಿಕೊಂಡು, ಮದುವೆ ಮನೆಯ ಲಾಡು ಹಿಡಿದುಕೊಂಡು ಬಂದಳು. ಸಾರ್ ಅವರ ಶೆಡ್ಡಿನಲ್ಲಿ ಬರದವರಿಗೆ ಸೊನ್ನೆ. ಅದರಲ್ಲಿ ಅವರು ದೊಡ್ಡವರ ಮಗಳು ಸಣ್ಣವರ ಮಗಳು ಎಂದು ನೋಡುತ್ತಿರಲಿಲ್ಲ. ಮೇಘನಾಗೆ ಸೀಸಿಯಂ ಮೂಲೆ. ಫ್ಲೋರಿನ್, ನಾನು.

ಕಿಟಕಿಯ ಪಕ್ಕ ಹೋಗಿ ಕೂತೆ. ಹೊರಗೆ ಗುಲ್‌ಮೊಹರ್ ಕೆಂಪಾಗಿತ್ತು, ಫ್ಯಾನಿನ ಗಾಳಿ ಕತ್ತಿಗೆ ತಾಗುತ್ತಿತ್ತು. ಇಷ್ಟು ದಿನ ಇವರೆಲ್ಲ ಇಂಥ ಗಾಳಿಯಲ್ಲಿ ಕೂತಿದ್ದರಾ ಎನ್ನಿಸಿತು. ಮೇಘನಾ ಎದ್ದು ಬಂದು ನನ್ನ ಮುಂದೆ ನಿಂತಳು, ನಗುತ್ತಲೇ ಇದ್ದಳು.

"ಕೇಳಮ್ಮ ಪುಟ್ಟಲಕ್ಷ್ಮಿ, ನಿನ್ನ ಕಾಲ ಬಂತು" ಎಂದರು ಸಾರ್.

"ಶುಭಾ ಬೇಕು ಸಾರ್" ಎಂದೆ. ಸಾರ್‌ಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಮೇಘನಾ ಭುಜ ಕುಣಿಸಿದಳು. "ತಗೋ. ನಂಗೇನ್ ಆಗಬೇಕು?" ಅವಳಿಗೆ ನಿಜವಾಗಿಯೂ ಏನೂ ಆಗಬೇಕಿರಲಿಲ್ಲ.

ಶುಭಾ ನಡುವಿನ ಸಾಲಿನಲ್ಲಿ ಎದ್ದು ನಿಂತಳು. ಚೀಲ ತೆಗೆದುಕೊಂಡಳು. ನಾನು ಬೆಂಚಿನಲ್ಲಿ ಸರಿದು ಅವಳಿಗೆ ಜಾಗ ಮಾಡಿದೆ. ಕಿಟಕಿಯ ಕಡೆಯ ಜಾಗವನ್ನೇ ಬಿಟ್ಟೆ, ಅವಳಿಗೆ ಗಾಳಿ ಬರಲಿ ಎಂದು.

"ನಾನು ಬರಲ್ಲ ಸಾರ್" ಎಂದಳು ಶುಭಾ.

"ಯಾಕಮ್ಮ?"

"ನಾನು ಮೇಘನಾ ಜೊತೆ ಹಿಂದೆ ಕೂರ್ತೀನಿ."

ಅಷ್ಟೇ. ಹಿಂದಿನ ಸಾಲಿಗೆ ನಡೆದಳು. ತಲೆ ತಗ್ಗಿಸಿ, ಆ ಸುಡುವ ಶೀಟಿನ ಕೆಳಗೆ, ನಾವಿಬ್ಬರೂ ಕೂರುತ್ತಿದ್ದ ಅದೇ ಬೆಂಚಿನ ಮೇಲೆ ಕೂತಳು. ಕೂತು ಮೇಘನಾಗೆ ಜಾಗ ಮಾಡಿದಳು. ಮೂಲೆ ಅವಳಿಗೆ ಭಾರವಾಗಿರಲಿಲ್ಲ. ಭಾರವಾಗಿದ್ದವಳು ನಾನು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ, ಮರೆಯಲು ಇಡೀ ಆಯುಸ್ಸು ಸಾಲುತ್ತಿಲ್ಲ.

ಸಾರ್‌ಗೂ ಗಲಿಬಿಲಿಯಾದಂತಿತ್ತು. ಅವರ ಕೋಷ್ಟಕದಲ್ಲಿ ಹಾಗೆ ನಡೆಯುವಂತಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು. ಆಗಲಾದರೂ ಅವರು ಸುಮ್ಮನಿರಬಹುದಿತ್ತು. ಎದುರಿಗಿದ್ದದ್ದು ಹದಿನೈದು ವರ್ಷದ ಹುಡುಗಿ. ಆದರೆ ಶೆಡ್ಡಿನ ತುಂಬ ಮಕ್ಕಳು ಅವರ ಬಾಯನ್ನೇ ನೋಡುತ್ತಿದ್ದರು, ಅವರಿಗೆ ಏನಾದರೊಂದು ಹೇಳಲೇಬೇಕಿತ್ತು.

"ಮಾರ್ಕ್ಸ್ ಬಂತು, ಎಳೆತ ಬರ್ಲಿಲ್ಲ ಕಣಮ್ಮ ನಿಂಗೆ" ಎಂದರು.

ಅಷ್ಟು ದೊಡ್ಡ ನಗುವನ್ನು ಆ ಶೆಡ್ಡು ಆ ಬೇಸಿಗೆಯಲ್ಲಿ ಕೇಳಿರಲಿಲ್ಲ. ಮೇಘನಾ ಲಾಡು ಹಂಚಿದಳು. ನನ್ನ ಬೆಂಚಿಗೂ ಒಂದು ಬಂತು. ತಿಂದೆ. ತಿನ್ನದೆ ಬಿಟ್ಟರೆ ಅದಕ್ಕೂ ನಗುತ್ತಿದ್ದರು.

ಸಂಜೆ ಬಸ್‌ಸ್ಟಾಪಿನಲ್ಲಿ ಶುಭಾ ಒಬ್ಬಳೇ ಸಿಕ್ಕಿದಳು, ಅವತ್ತು ಮೇಘನಾಳ ಕಾರು ಬೇರೆಲ್ಲಿಗೋ ಹೋಗಬೇಕಿತ್ತಂತೆ. ಇಬ್ಬರೂ ನಿಂತೆವು. ಕೇಳಬಾರದು ಎಂದುಕೊಂಡೇ ಕೇಳಿದೆ.

"ಯಾಕೇ ಶುಭಾ? ನಾನೇನ್ ಮಾಡ್ದೆ?"

ಅವಳು ರಸ್ತೆ ನೋಡುತ್ತ ನಿಂತಿದ್ದಳು. "ನೀನೇನೂ ಮಾಡ್ಲಿಲ್ಲ."

"ಮತ್ತೆ?"

"ನೀನು ಯಾವಾಗ್ಲೂ ಹಿಡ್ಕೋತೀಯ ಪುಟ್ಟಿ. ನೀರಿಗೆ ಹೋದ್ರೂ ಬರ್ತೀಯ, ಅಂಗಡಿಗೆ ಹೋದ್ರೂ ಬರ್ತೀಯ. ನಾನು ಬೇರೆಯೋರ ಜೊತೆ ಮಾತಾಡಿದ್ರೆ ಮುಖ ಊದಿಸ್ತೀಯ. ಉಸಿರು ಕಟ್ಟತ್ತೆ ಕಣೇ. ಮೇಘನಾಗೆ ನಾನು ಬಂದ್ರೂ ಅಷ್ಟೇ, ಬರದಿದ್ರೂ ಅಷ್ಟೇ. ಆರಾಮಾಗಿರತ್ತೆ."

ಬಸ್ಸು ಬಂತು. ಅವಳು ಮುಂದಿನ ಬಾಗಿಲಲ್ಲಿ ಹತ್ತಿದಳು, ನಾನು ಹಿಂದಿನ ಬಾಗಿಲಲ್ಲಿ. ನಜರ್‌ಬಾದಿನಲ್ಲಿ ಇಳಿದು ಒಂದೇ ವಠಾರಕ್ಕೆ, ಒಂದೇ ಅಂಗಳಕ್ಕೆ, ಎದುರುಬದುರು ಬಾಗಿಲುಗಳಿಗೆ ಹೋದೆವು. ಮಾರನೇ ವರ್ಷ ಅವರು ಬೇರೆ ಕಡೆ ಮನೆ ಮಾಡಿಕೊಂಡು ಹೋಗುವವರೆಗೂ ಒಂದೇ ನಲ್ಲಿಯಲ್ಲಿ ನೀರು ಹಿಡಿದೆವು. ನಾನು ಒಂದು ಮಾತೂ ಆಡಲಿಲ್ಲ. ಅವಳು ಮೊದಮೊದಲು ಆಡಲು ನೋಡಿ ಆಮೇಲೆ ಬಿಟ್ಟುಬಿಟ್ಟಳು.

ಈಗ ಸರಸ್ವತಿಪುರಂನಲ್ಲಿ ಶೀಟಿನ ಶೆಡ್ಡುಗಳಿಲ್ಲ. ಗಾಜು ಹಾಕಿದ ಕಟ್ಟಡಗಳಲ್ಲಿ ಏಸಿ ಕ್ಲಾಸು ನಡೆಯುತ್ತವೆ, ಗೇಟಿನ ಹತ್ತಿರ ಸೈಕಲ್ಲೂ ಇಲ್ಲ. ಸಾರ್ ತೀರಿಕೊಂಡರು. ಅವರ ಶ್ರದ್ಧಾಂಜಲಿ ಸಭೆಗೆ ಬರಬೇಕೆಂದು ಹಳೆಯ ವಿದ್ಯಾರ್ಥಿಗಳು ನನಗೆ ಫೋನ್ ಮಾಡಿದ್ದರು, ನಾನು ಹೋಗಲಿಲ್ಲ. ಸೀಸಿಯಂ ಮೂಲೆಯಿಂದ ಫ್ಲೋರಿನ್ನಿಗೆ ಬಂದವಳು ಎಂದು ನನ್ನ ಹೆಸರನ್ನು ಅವರು ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದರಂತೆ. ಅದು ಸುಳ್ಳಲ್ಲ. ನಾನು ರಸಾಯನಶಾಸ್ತ್ರವನ್ನೇ ಓದಿದೆ, ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ, ಅದರಿಂದಲೇ ಅನ್ನ ತಿನ್ನುತ್ತಿದ್ದೇನೆ. ಆ ಬೇಸಿಗೆ ನನಗೆ ಕೊಟ್ಟದ್ದೆಲ್ಲ ನನ್ನ ಹತ್ತಿರ ಭದ್ರವಾಗಿದೆ.

ಶುಭಾ ಎರಡು ವರ್ಷದ ಹಿಂದೆ ಒಂದು ಕಲ್ಯಾಣ ಮಂಟಪದಲ್ಲಿ ಸಿಕ್ಕಿದಳು. ದಪ್ಪಗಾಗಿದ್ದಾಳೆ, ನಗು ಹಾಗೇ ಇದೆ. "ಏ ಪುಟ್ಟೀ!" ಎಂದು ಓಡಿಬಂದು ತಬ್ಬಿಕೊಂಡಳು. ಮೇಘನಾ ಎಲ್ಲಿದ್ದಾಳೆ ಎಂದು ಕೇಳಿದೆ. "ಯಾವ ಮೇಘನಾ?" ಎಂದಳು. ನೆನಪಿಸಿದೆ. ಶೆಡ್ಡು, ಮೂಲೆ, ಆ ಶನಿವಾರ. ಅವಳು ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿ, "ಅಯ್ಯೋ ಹೌದಾ? ಹಂಗೆ ಅಂದಿದ್ನಾ ನಾನು? ಮಕ್ಕಳು ಬಿಡೇ ಆವಾಗ" ಎಂದು ನಕ್ಕು, ಊಟದ ಪಂಕ್ತಿಯಲ್ಲಿ ನನಗೂ ಜಾಗ ಹಿಡಿಯಲು ಹೋದಳು. ಅವಳ ಪಕ್ಕ ಕೂತು ಊಟ ಮಾಡಿದೆ. ಅವಳ ಮೇಲೆ ನನಗೆ ಯಾವ ಸಿಟ್ಟೂ ಬರಲಿಲ್ಲ. ಪ್ರೀತಿಯೂ ಬರಲಿಲ್ಲ.

ಆ ಬಸ್‌ಸ್ಟಾಪಿನಿಂದ ಈಚೆಗೆ ನಾನು ಯಾರನ್ನೂ ಹಿಡಿದುಕೊಂಡಿಲ್ಲ. ಹೋಗುವವರನ್ನು ಯಾಕೆ ಎಂದು ಕೇಳಿಲ್ಲ, ಇರು ಎಂದಿಲ್ಲ. ಗಂಡ ಇದನ್ನು ನನ್ನ ದೊಡ್ಡತನ ಎಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಕಳೆದ ತಿಂಗಳು ನನ್ನ ಏಳು ವರ್ಷದ ಮಗಳು ಏನಕ್ಕೋ ಸಿಟ್ಟು ಮಾಡಿಕೊಂಡು, "ನಾನು ನಿನ್ ಜೊತೆ ಇರಲ್ಲ, ಹೋಗ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ ತಾನೇ ಎಂದು ನಾನು ಅಡುಗೆ ಮುಂದುವರಿಸಿದೆ. ಸಾರು ಕುದಿಯಿತು, ಒಗ್ಗರಣೆ ಹಾಕಿದೆ, ತಟ್ಟೆ ಇಟ್ಟೆ. ಬಹಳ ಹೊತ್ತಾದ ಮೇಲೆ ಬಾಗಿಲು ತೆಗೆದು ನೋಡಿದರೆ, ಹೊಸ್ತಿಲಿನ ಆಚೆಯೇ ಗೋಡೆಗೆ ಆತು ನಿಂತಿದ್ದಳು. ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ಅತ್ತು ಅತ್ತು ಮುಖ ಒಣಗಿತ್ತು.

"ಹೋಗ್ತೀನಿ ಅಂದ್ಯಲ್ಲ, ಯಾಕೆ ಹೋಗ್ಲಿಲ್ಲ?" ಎಂದೆ.

"ನೀನು ಹಿಡ್ಕೋತೀಯ ಅಂತ ನಿಂತಿದ್ದೆ ಅಮ್ಮ" ಎಂದಳು.